ಅಳಲು ಮತ್ತು ಅಹವಾಲು

ಇಂಗ್ಲಿಷಿನಲ್ಲಿ ಅಳುವಿಗೆ ಪದಗಳ ಬಡತನವಿಲ್ಲ. ವೀಪ್, ವೇಲ್, ಮೋರ್ನ್, ಲಮೆಂಟ್, ಕೀನ್ ಎಂದು ಎಣಿಸುತ್ತ ಹೋದರೆ ಕೈಬೆರಳುಗಳು ಸಾಲವು. ನಮ್ಮ ಕೈಪಿಡಿಗಳು ಇವಕ್ಕೆಲ್ಲ ‘ದುಃಖಿಸು’, ‘ಶೋಕಿಸು’, ಬಹಳವಾದರೆ ‘ಗೋಳಾಡು’ ಎಂಬ ಎರಡು ಮೂರು ಅರ್ಥಗಳನ್ನೇ ಹಂಚಿಬಿಡುತ್ತವೆ. ಪರೀಕ್ಷೆಯನ್ನು ದಾಟಲು ಅಷ್ಟು ಸಾಕು. ಆದರೆ ಈ ಪದಗಳ ಹುಟ್ಟನ್ನು ಕೆದಕಿ ನೋಡಿದವನಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಇವುಗಳಲ್ಲಿ ಎಷ್ಟೋ ಪದಗಳು ಒಳಮನೆಯಲ್ಲಿ ಸೆರಗಿಗೆ ಒರಸಿಕೊಂಡ ಕಣ್ಣೀರಿನವಲ್ಲ. ಹತ್ತು ಜನರ ಎದುರಿಗೆ ನಿಂತು ನ್ಯಾಯ ಕೇಳಿದವರವು.

ನ್ಯಾಯಾಲಯದ ‘ಪ್ಲೇಂಟಿಫ್’ ಎಂಬ ಮಾತನ್ನೇ ತೆಗೆದುಕೊಳ್ಳಿ. ಲ್ಯಾಟಿನ್ನಿನ ‘ಪ್ಲಾಂಗೆರೆ’ ಎಂದರೆ ಹೊಡೆಯುವುದು; ಶೋಕದಲ್ಲಿ ಎದೆ ಬಡಿದುಕೊಳ್ಳುವುದು. ಅದು ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು ಒಂದು ಕಡೆ ಕವಿಗಳ ‘ಪ್ಲೇಂಟ್’ ಆಯಿತು, ಇನ್ನೊಂದು ಕಡೆ ಎಲ್ಲರ ‘ಕಂಪ್ಲೇಂಟ್’ ಆಯಿತು, ಮತ್ತೊಂದು ಕಡೆ ಕಚೇರಿಯ ಕಟ್ಟೆ ಹತ್ತಿ ವಾದಿಯ ಹೆಸರಾಯಿತು. ಇಂದು ದಾವೆ ಹೂಡುವ ಗೃಹಸ್ಥನು ತಾನು ಎದೆ ಬಡಿದುಕೊಂಡು ಅಳುವವನ ಹೆಸರನ್ನು ಹೊತ್ತಿದ್ದೇನೆಂದು ಬಲ್ಲನೇ? ನಾವು ನಗಬೇಕಾಗಿಲ್ಲ. ನಮ್ಮ ‘ಫಿರ್ಯಾದಿ’ಯ ವಂಶವೂ ಅಂಥದೇ: ಪಾರಸಿಯ ‘ಫರ್ಯಾದ್’ ಮೊದಲು ಮೊರೆಯ ಕೂಗು, ಆಮೇಲೆ ಅರ್ಜಿ. ಎರಡು ದೂರದೇಶಗಳ ನ್ಯಾಯಾಸ್ಥಾನಗಳು ಒಂದೇ ಆರ್ತನಾದದಿಂದ ತಮ್ಮ ಪರಿಭಾಷೆಯನ್ನು ಪಡೆದುವೆಂಬುದು ನನಗೆ ಬಹು ಅರ್ಥವತ್ತಾಗಿ ತೋರುತ್ತದೆ.

‘ಗ್ರೀಫ್’ ಮತ್ತು ‘ಗ್ರೀವೆನ್ಸ್’ ಒಂದೇ ತಾಯಿಯ ಮಕ್ಕಳು. ತಾಯಿ ಲ್ಯಾಟಿನ್ನಿನ ‘ಗ್ರಾವಿಸ್’, ಭಾರವುಳ್ಳದ್ದು. ಸಂಸ್ಕೃತದ ‘ಗುರು’ ಆಕೆಯ ಜ್ಞಾತಿ. ಎದೆಯ ಮೇಲಣ ಭಾರ ದುಃಖವಾಯಿತು, ಬೆನ್ನಿನ ಮೇಲಣ ಭಾರ ಅಹವಾಲಾಯಿತು. ‘ಬಿರೀವ್’ ಎಂಬುದು ಇನ್ನೂ ನೇರವಾದ ಮಾತು: ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕಿತ್ತುಕೊಳ್ಳು, ಸುಲಿಗೆ ಮಾಡು ಎಂದರ್ಥ. ನಂಟರನ್ನು ಕಳೆದುಕೊಂಡವನು ಆ ಭಾಷೆಯಲ್ಲಿ ಸುಲಿಗೆಗೆ ಒಳಗಾದವನು. ಸುಲಿಗೆಯಾದ ಮೇಲೆ ದೂರು ಕೊಡುವುದು ಸಹಜವಲ್ಲವೆ?

ಎಲ್ಲ ಪದಗಳೂ ಹೀಗೆ ಕಚೇರಿಯ ದಾರಿ ಹಿಡಿದವಲ್ಲ; ಕೆಲವು ಇಗರ್ಜಿಯಿಂದ ಬಂದವು. ‘ಡರ್ಜ್’ ಎಂಬುದು ಮೃತರಿಗಾಗಿ ಬೆಳಗಿನ ಜಾವ ಹೇಳುತ್ತಿದ್ದ ಲ್ಯಾಟಿನ್ ಪ್ರಾರ್ಥನೆಯ ಮೊದಲ ಮಾತಾದ ‘ಡಿರಿಗೆ’ಯಿಂದ ಹುಟ್ಟಿತು. ಹದಿನಾರನೆಯ ಶತಮಾನದ ಮತಸುಧಾರಣೆ ಇಂಗ್ಲೆಂಡಿನಲ್ಲಿ ಆ ಪ್ರಾರ್ಥನೆಯನ್ನು ತೆಗೆದುಹಾಕಿತು. ಹೆಸರು ಮಾತ್ರ ಕವಿಗಳ ಪಾಲಿಗೆ ಉಳಿಯಿತು. ಅದರ ಜೊತೆಗಾರ, ಸಂಜೆಯ ಪ್ರಾರ್ಥನೆಯ ಮೊದಲ ಮಾತಾದ ‘ಪ್ಲಸೀಬೊ’ದ ಗತಿ ಇನ್ನೂ ವಿಚಿತ್ರ. ಸಾವಿನ ಮನೆಗಳಲ್ಲಿ ಸಿಗುವುದರ ಆಸೆಗೆ ಅದನ್ನು ಹಾಡಿ ಬರುವವರಿದ್ದರಾಗಿ, ಅದು ಮುಖಸ್ತುತಿಗೆ ಹೆಸರಾಯಿತು. ಚಾಸರ್ ಕವಿ ತನ್ನ ಕಥೆಯೊಂದರಲ್ಲಿ ಹೊಗಳುಭಟನಿಗೆ ಅದೇ ಹೆಸರಿಟ್ಟನು. ಈಗ ಅದು ವೈದ್ಯರ ಸಕ್ಕರೆಗುಳಿಗೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದ ಪದ ‘ಕೀನ್’. ಹರಿತ ಎಂಬರ್ಥದ ‘ಕೀನ್’ಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇದು ಐರ್ಲೆಂಡಿನ ಮಾತು, ಅಲ್ಲಿನ ಹೆಂಗಸರ ಮಾತು. ಸತ್ತವನ ಸುತ್ತ ಕುಳಿತು ಒಬ್ಬಳು ಅವನ ಕುಲವನ್ನು, ಗುಣವನ್ನು, ಅವನು ಬಿಟ್ಟುಹೋದ ಮನೆಯನ್ನು ಎತ್ತಿ ಹಾಡುವಳು; ಪದ್ಯ ಮುಗಿದೊಡನೆ ಉಳಿದವರೆಲ್ಲ ಕೂಡಿ ಕೂಗುವರು. ಆ ಕೂಗಿಗೆ ಐರಿಷಿನಲ್ಲಿ ‘ಗೊಲ್’ ಎಂದು ಹೆಸರು. (ನಮ್ಮ ‘ಗೋಳು’ ನೆನಪಾದರೆ ಅದು ಕಿವಿಯ ಆಟ, ನಂಟು ಕಟ್ಟಲು ಹೋಗಬಾರದು.) ಇದು ತಡೆಯಿಲ್ಲದ ಅಳುವಲ್ಲ, ಕಲಿತ ವಿದ್ಯೆ. ಕೆಲವರು ಅದನ್ನೇ ವೃತ್ತಿಯಾಗಿ ನಡೆಸುತ್ತಿದ್ದರು. ಹದಿನೇಳನೆಯ ಶತಮಾನದಿಂದ ಅಲ್ಲಿಯ ಕ್ಯಾಥೊಲಿಕ್ ಧರ್ಮಸಭೆಗಳು ಇದನ್ನು ಮತ್ತೆ ಮತ್ತೆ ನಿಷೇಧಿಸಿದುವು. ಮತ್ತೆ ಮತ್ತೆ ನಿಷೇಧಿಸಬೇಕಾಯಿತೆಂದರೆ ಯಾರೂ ಕೇಳಲಿಲ್ಲವೆಂದೇ ಅರ್ಥ.

ಇಂಗ್ಲಿಷಿಗೆ ಈ ಪದ ಬಂದದ್ದು ಹಾಡಿದವರ ಬಾಯಿಂದಲ್ಲ, ಹೊರಗೆ ನಿಂತು ಕೇಳಿದವರ ಕಿವಿಯಿಂದ. ಕ್ರಾಫ್ಟನ್ ಕ್ರೋಕರ್ ದಕ್ಷಿಣ ಐರ್ಲೆಂಡಿನ ಇಂಥ ಹಾಡುಗಳನ್ನು ಇಂಗ್ಲಿಷಿನಲ್ಲಿ ಕಟ್ಟಿ 1844ರಲ್ಲಿ ಪ್ರಕಟಿಸಿದನು. ಸಿಂಜ್ ಆರನ್ ದ್ವೀಪಗಳಲ್ಲಿ ಮುದುಕಿಯೊಬ್ಬಳ ಶವಸಂಸ್ಕಾರದಲ್ಲಿ ಇದನ್ನು ಕೇಳಿ, ಇದು ಒಬ್ಬಳ ಸಾವಿಗಾಗಿ ಅತ್ತದ್ದಲ್ಲ, ದ್ವೀಪದ ಪ್ರತಿಯೊಬ್ಬರಲ್ಲೂ ಹುದುಗಿದ್ದ ರೋಷ ಹೊರಬಿದ್ದದ್ದು ಎಂಬ ಭಾವವನ್ನು 1907ರ ಗ್ರಂಥದಲ್ಲಿ ಬರೆದನು. ಶೋಕವೆಂದು ಕೈಪಿಡಿ ಹೇಳಿದ ಕಡೆ ಆತ ರೋಷವನ್ನು ಕೇಳಿದನು. ಅವನ ‘ರೈಡರ್ಸ್ ಟು ದ ಸೀ’ ನಾಟಕವನ್ನು ಪಾಠ ಹೇಳುವ ಅಧ್ಯಾಪಕರು, ಕೊನೆಯಲ್ಲಿ ಕೀನ್ ಮಾಡುತ್ತಿರುವ ಹೆಂಗಸರನ್ನು ‘ಅಳುತ್ತಿದ್ದರು’ ಎಂದು ಮುಗಿಸಿಬಿಟ್ಟರೆ ನಾಟಕದ ಅರ್ಧ ಉಸಿರು ಅಲ್ಲೇ ನಿಲ್ಲುತ್ತದೆ. ನಮ್ಮ ಹಳ್ಳಿಗಳ ಸಾವಿನ ಮನೆಗಳನ್ನು ಕಂಡವರ ಬಾಯಲ್ಲಿ ‘ಹಾಡಿಕೊಂಡು ಅಳುವುದು’ ಎಂಬ ಮಾತಿದೆ. ‘ಶೋಕಿಸು’ ಎಂಬ ಪಂಡಿತಪದಕ್ಕಿಂತ ಅದೇ ಹತ್ತಿರದ್ದೆಂದು ನನ್ನ ಮತ.

ಇಂಥ ಹಾಡುಗಳಲ್ಲೆಲ್ಲ ಹೆಸರಾದದ್ದು ಐಲೀನ್ ಡುವ್ ನಿ ಖೊನಲ್ ತನ್ನ ಗಂಡ ಆರ್ಟ್ ಓಲಿಯರಿಗಾಗಿ ಹಾಡಿದ್ದು. ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಕ್ಯಾಥೊಲಿಕರು ಇಟ್ಟುಕೊಳ್ಳಕೂಡದೆಂದು 1695ರ ಶಾಸನವೊಂದು ಐರ್ಲೆಂಡಿನಲ್ಲಿತ್ತು. ಆರ್ಟ್ ಪರದೇಶದ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು ಊರಿಗೆ ಮರಳಿದವನು. ಅವನಲ್ಲಿ ಒಳ್ಳೆಯ ಕುದುರೆಯಿತ್ತು. ಏಬ್ರಹಾಂ ಮಾರಿಸ್ ಎಂಬ ಅಧಿಕಾರಸ್ಥ ಅದನ್ನು ಐದು ಪೌಂಡಿಗೆ ಕೇಳಿದನೆಂದೂ ಇವನು ಕೊಡೆನೆಂದನೆಂದೂ ಪ್ರತೀತಿ. 1773ರ ಮೇ 4ರಂದು ಆರ್ಟ್ ಗುಂಡಿಗೆ ಬಲಿಯಾದನು. ಸವಾರನಿಲ್ಲದ ಕುದುರೆ ಮನೆಗೆ ಬಂದದ್ದನ್ನೂ ತಾನು ಅದನ್ನೇರಿ ಓಡಿದ್ದನ್ನೂ ಐಲೀನ್ ಹಾಡಿನಲ್ಲಿ ಹೇಳುತ್ತಾಳೆ. ಮಾರಿಸನ ಹೆಸರು ಹಿಡಿದು ಶಪಿಸುತ್ತಾಳೆ. ನಡುವೆ ನಾದಿನಿಯ ಕೊಂಕಿಗೆ ಉತ್ತರವನ್ನೂ ಕೊಡುತ್ತಾಳೆ. ಗಂಡನ ಹೆಣದ ಮುಂದೆ ಅವಳು ಒಮ್ಮೆಗೇ ಹೆಂಡತಿ, ಸಾಕ್ಷಿ, ಫಿರ್ಯಾದಿ.

ಮಾರಿಸನು ನ್ಯಾಯಾಲಯದಲ್ಲಿ ಖುಲಾಸೆಯಾದನು. ಐಲೀನಳ ಹಾಡು ಹಲವು ದಶಕಗಳ ಕಾಲ ಊರ ಹೆಂಗಸರ ಬಾಯಲ್ಲೇ ಇದ್ದು, ಅಂಥವರೊಬ್ಬರ ಬಾಯಿಂದಲೇ ಬರಹಕ್ಕೆ ಇಳಿಯಿತು.