‘ಡಿಸ್ಕ್ ಬೆಂಡ್ ಆಗಿದೆ ಸಾರ್’

ಜೋರಾಗಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಗಡಗಡ ನಡುಗುತ್ತದೆ ಅಂತ ಗ್ಯಾರೇಜಿನಲ್ಲಿ ಹೇಳಿ ನೋಡಿ. ‘ಡಿಸ್ಕ್ ಬೆಂಡ್ ಆಗಿದೆ ಸಾರ್, ಚೇಂಜ್ ಮಾಡ್ಬೇಕು’ ಅನ್ನುತ್ತಾರೆ. ಗಾಡಿ ಎತ್ತಿರುವುದಿಲ್ಲ, ಚಕ್ರ ಬಿಚ್ಚಿರುವುದಿಲ್ಲ, ಆಗಲೇ ಉತ್ತರ ಬಂದಾಗಿರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅಳೆಯದೆ ಹೇಳಿದ ಆ ಅರ್ಧ ಸತ್ಯಕ್ಕೆ ನಮ್ಮ ಮನೆಯಲ್ಲಿ ಎರಡು ಸಲ ದುಡ್ಡು ಕಟ್ಟಿದ್ದೇವೆ.

ನಮ್ಮದು ಮೂಡಿಗೆರೆ ಕಡೆ. ಅಪ್ಪನ ಹಳೇ ಕಾರು ತಿಂಗಳಿಗೆ ಎರಡು ಸಲವಾದರೂ ಚಾರ್ಮಾಡಿ ಘಾಟಿ ಇಳಿಯುತ್ತದೆ. ಕಳೆದ ವರ್ಷ ಘಾಟಿ ಇಳಿದು ಉಜಿರೆ ಕಡೆ ಹೋಗುವಾಗ ದನ ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದ್ದೇ ತಡ, ಸ್ಟೇರಿಂಗ್ ಹಿಡಿಯಲಾಗದಷ್ಟು ಅಲುಗಾಡಿತು. ದನಕ್ಕೆ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಅಮ್ಮ ಮಾತ್ರ ಅವತ್ತಿಂದ ಕಾರಿನಲ್ಲಿ ಬಾಗಿಲ ಮೇಲಿನ ಹಿಡಿ ಬಿಡುವುದಿಲ್ಲ. ಗ್ಯಾರೇಜಿನಲ್ಲಿ ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಬದಲಾಯಿಸಿದರು. ಬೆಣ್ಣೆ ಥರ ಆಯ್ತು. ಐದಾರು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತದೇ ನಡುಕ. ಈ ಸಲ ‘ಲೋವರ್ ಆರ್ಮ್ ಬುಷ್ ಹೋಗಿದೆ’ ಅಂದರು. ಅದನ್ನೂ ಹಾಕಿಸಿದೆವು. ನಡುಕ ಕಡಿಮೆಯಾಯ್ತು, ಹೋಗಲಿಲ್ಲ. ‘ಎಂತ ಮಾರಾಯ, ನೀನು ಓದ್ತಿರೋದು ಮೆಕ್ಯಾನಿಕಲ್ ಅಲ್ವಾ?’ ಅಂತ ಅಪ್ಪ ಕೇಳಿದರು. ಏಳನೇ ಸೆಮಿಸ್ಟರ್‌ನವನಿಗೆ ಇದಕ್ಕಿಂತ ದೊಡ್ಡ ವೈವಾ ಪ್ರಶ್ನೆ ಬೇಕಾ?

ಹೊಸ ಡಿಸ್ಕ್ ಹಾಕಿದ ಮೇಲೂ ನಡುಕ ವಾಪಸ್ ಬಂದದ್ದು ಯಾಕೆ? ಡಿಸ್ಕ್ ತಿರುಗುವಾಗ ಸ್ವಲ್ಪ ಓಲಾಡಿದರೆ ಅದಕ್ಕೆ ರನ್‌ಔಟ್ ಅನ್ನುತ್ತಾರೆ. ನಮ್ಮ ಸಾಮಾನ್ಯ ಕಾರುಗಳ ಕ್ಯಾಲಿಪರ್ ಆ ಓಲಾಟದ ಜೊತೆಗೇ ಆಚೀಚೆ ಜಾರುವುದರಿಂದ, ಓಲಾಟವೊಂದೇ ದೊಡ್ಡ ನಡುಕ ಹುಟ್ಟಿಸುವುದಿಲ್ಲ. ನಡುಗಿಸುವುದು ಡಿಸ್ಕಿನ ದಪ್ಪದಲ್ಲಿರುವ ಏರುಪೇರು. ದಪ್ಪ ಇರುವ ಜಾಗ ಪ್ಯಾಡಿನ ನಡುವೆ ಬಂದಾಗ ಹಿಡಿತ ಹೆಚ್ಚುತ್ತದೆ, ತೆಳು ಜಾಗ ಬಂದಾಗ ಸಡಿಲ. ಪ್ರತಿ ಸುತ್ತಿಗೂ ಇದೇ ಕಥೆ. 0.02 ಮಿಲಿಮೀಟರ್ ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗಬಹುದು. ತಲೆಗೂದಲು ಇದಕ್ಕಿಂತ ದಪ್ಪ! ಈ ಏರುಪೇರನ್ನು ನಿಧಾನಕ್ಕೆ ಕೆತ್ತುವುದು ಮಾತ್ರ ಅದೇ ಓಲಾಟ. ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕಿನ ಒಂದೇ ಜಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ, ಅಲ್ಲಿ ಸವೆಯುತ್ತದೆ. ಸಾವಿರಾರು ಕಿಲೋಮೀಟರ್ ಬೇಕು ಅದಕ್ಕೆ. ಹಾಗಾಗಿ ಹೊಸ ಡಿಸ್ಕ್ ಮೊದಮೊದಲು ಬೆಣ್ಣೆ, ಆಮೇಲೆ ಗಡಗಡ. ಇನ್ನೊಂದು ದಾರಿಯೂ ಇದೆ: ಘಾಟಿ ಇಳಿದು ಕೆಂಡದಂತಾದ ಬ್ರೇಕನ್ನು ಒತ್ತಿ ಹಿಡಿದೇ ನಿಂತರೆ ಪ್ಯಾಡಿನ ವಸ್ತು ಡಿಸ್ಕಿಗೆ ಒಂದೇ ಕಡೆ ಅಂಟಿ ದಪ್ಪವಾಗಬಹುದು. ಅದನ್ನೂ ಜನ ‘ಬೆಂಡ್’ ಅಂತಲೇ ಕರೆಯುತ್ತಾರೆ.

ಎಂಬತ್ತರ ವೇಗದಲ್ಲಿ ನಮ್ಮ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಸಸ್ಪೆನ್ಷನ್, ಸ್ಟೇರಿಂಗ್‌ಗಳ ಸ್ವಂತ ಕಂಪನವೂ ಆಸುಪಾಸಿನಲ್ಲೇ ಇರುವುದರಿಂದ ಆ ವೇಗದಲ್ಲಿ ನಡುಕ ಜೋರು, ನಲವತ್ತಕ್ಕಿಳಿದರೆ ಮಾಯ. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದ ರೆಸೊನೆನ್ಸ್ ಇದೇ ಕಣ್ರೀ. ಬುಷ್ ಸವೆದಿದ್ದರೆ ನಡುಕ ಇನ್ನೂ ಸಲೀಸಾಗಿ ಕೈಗೆ ಬರುತ್ತದೆ, ಆದರೆ ಹುಟ್ಟುವುದು ಅಲ್ಲಲ್ಲ. ಬುಷ್ ಹಾಕಿದ ಮೇಲೆ ಅರ್ಧ ಕಡಿಮೆಯಾದದ್ದು ಅದಕ್ಕೇ.

ಸ್ಪ್ಯಾನರ್ ಹಿಡಿಯುವ ಮುಂಚೆ ಕೇಳಿಕೊಳ್ಳಬೇಕಾದದ್ದು ಇಷ್ಟೆ. ಬ್ರೇಕ್ ಒತ್ತದಿದ್ದರೂ ನಡುಗುತ್ತದಾ? ಹಾಗಿದ್ದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿ. ಸ್ಟೇರಿಂಗ್‌ನಲ್ಲಿ ಗೊತ್ತಾದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿನಲ್ಲಿ ಆದರೆ ಹಿಂದಿನದು. ಜಲ್ಲಿಯ ಮೇಲೆ ಜೋರಾಗಿ ಒತ್ತಿದಾಗ ಪೆಡಲ್ ಟರ್ ಅಂದರೆ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ ಅಷ್ಟೆ. ವೀಲ್ ನಟ್ ಸಡಿಲವಿದೆಯಾ, ಬಾಲ್ ಜಾಯಿಂಟ್ ಆಡುತ್ತದಾ ಅನ್ನುವುದನ್ನು ಮಾತ್ರ ಅವತ್ತೇ ನೋಡಿಸಿ. ಅದು ನಾಳೆಗೆ ಬಿಡುವ ಸಂಗತಿಯಲ್ಲ.

ನಾನು ಕಾರನ್ನು ಕಾಲೇಜಿಗೇ ತಂದೆ. ಮೆಟ್ರಾಲಜಿ ಲ್ಯಾಬಿನ ಅಣ್ಣನನ್ನು ಎರಡು ದಿನ ಕಾಡಿ ಬೇಡಿ, ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಬೇಸ್ ಇಸಕೊಂಡೆ. ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ (ಬರೀ ಜಾಕ್ ನಂಬಬೇಡಿ), ಚಕ್ರ ಬಿಚ್ಚಿ, ಡಿಸ್ಕ್ ಅಲುಗದಂತೆ ವಾಷರ್ ಕೊಟ್ಟು ನಟ್ ಬಿಗಿದು, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಮುಳ್ಳು ಇಟ್ಟು ತಿರುಗಿಸಿದೆವು. ಬಲಗಡೆ 0.04. ಎಡಗಡೆ 0.13! ಸಾಮಾನ್ಯವಾಗಿ ಕಂಪನಿಗಳು 0.05ರಿಂದ 0.1ರ ಒಳಗೆ ಇರಬೇಕು ಅನ್ನುತ್ತವೆ. ಎಡಗಡೆ ಡಿಸ್ಕ್ ತೆಗೆದು ನೋಡಿದರೆ, ಹಬ್ ಮುಖದ ಒಂದು ಪಕ್ಕದಲ್ಲಿ ತುಕ್ಕು ಹಕ್ಕಳೆ ಕಟ್ಟಿ ಕೂತಿದೆ. ಹೊಸ ಡಿಸ್ಕನ್ನು ಅದರ ಮೇಲೇ ಕೂರಿಸಿ ಬಿಗಿದಿದ್ದರು. ಹಬ್ಬಿನ ಅಂಚಿನಲ್ಲಿ ಸ್ವಲ್ಪವೇ ಎತ್ತಿದರೂ ಡಿಸ್ಕಿನ ವ್ಯಾಸ ದೊಡ್ಡದಾದ್ದರಿಂದ ಹೊರಗೆ ಅದು ಹೆಚ್ಚು ಕಮ್ಮಿ ದುಪ್ಪಟ್ಟು. ವೈರ್ ಬ್ರಷ್, ಎಮರಿ ಪೇಪರ್, ಅರ್ಧ ಗಂಟೆ ಕೆಲಸ. ಮೈಕ್ರೋಮೀಟರಿನಲ್ಲಿ ಎಂಟು ಕಡೆ ದಪ್ಪ ಅಳೆದಾಗ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಆಗಲೇ ಬಿದ್ದಿತ್ತು. ಡಿಸ್ಕಿನ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಪೇಟೆಯಲ್ಲಿ ಸ್ಕಿಮ್ ಮಾಡಿಸಿದೆವು. ವಾಪಸ್ ಕೂರಿಸಿ ಅಳೆದರೆ 0.03.

ಇಷ್ಟಾದ ಮೇಲೆ ಗ್ಯಾರೇಜಿನವರನ್ನು ಬೈಯಬೇಕು ಅನ್ನಿಸಿತ್ತು. ಈಗ ಅನ್ನಿಸುತ್ತಿಲ್ಲ. ಅರ್ಧ ಗಂಟೆ ಅಳೆದು ‘ತುಕ್ಕು ಕೆರೆದಿದ್ದೇನೆ, ಐನೂರು ಕೊಡಿ’ ಅಂದರೆ ನಾವು ಕೊಡುತ್ತೀವಾ? ‘ಏನೂ ಚೇಂಜೇ ಮಾಡಿಲ್ವಲ್ಲ’ ಅಂತೀವಿ. ಡಬ್ಬಿಯಲ್ಲಿ ಬರುವ ಪಾರ್ಟಿಗೆ ಸಾವಿರಗಟ್ಟಲೆ ಎಣಿಸುವ ನಾವು, ಪತ್ತೆ ಹಚ್ಚುವ ಕೆಲಸಕ್ಕೆ ಬೆಲೆ ಕಟ್ಟಲ್ಲ. ಹೀಗಿರುವಾಗ ಯಾವ ಮೆಕ್ಯಾನಿಕ್ ಡಯಲ್ ಗೇಜ್ ತಗೋತಾನೆ?

ನಮ್ಮ ಲ್ಯಾಬಿನ ಕಥೆಯೂ ಇದೇ. ಅದೇ ಗೇಜನ್ನು ನಾನು ಎರಡನೇ ವರ್ಷದಲ್ಲಿ ಹಿಡಿದಿದ್ದೆ, ವಿ-ಬ್ಲಾಕ್ ಮೇಲಿನ ಒಂದು ಹೊಳೆಯುವ ಶಾಫ್ಟಿಗೆ. ರೀಡಿಂಗ್ ಸೀನಿಯರ್ ರೆಕಾರ್ಡಿನದ್ದು, ಸುಳ್ಳು ಯಾಕೆ ಹೇಳಲಿ. ಆ ಶಾಫ್ಟಿನ ಪಕ್ಕದಲ್ಲಿ ಗುಜರಿಯಿಂದ ತಂದ ಒಂದು ಹಬ್, ಒಂದು ಹಳೇ ಡಿಸ್ಕ್ ಇಡಲು ಡಿಪಾರ್ಟ್‌ಮೆಂಟಿಗೆ ಎಷ್ಟು ಖರ್ಚಾಗುತ್ತೆ? ನಕಲು ಮಾಡಲು ಅದರಲ್ಲಿ ಉತ್ತರವೇ ಇರುವುದಿಲ್ಲ. ಪ್ರತಿ ಸಲ ಬಿಚ್ಚಿ ಕೂರಿಸಿದಾಗಲೂ ರೀಡಿಂಗ್ ಬೇರೆ ಬರುತ್ತದೆ, ಯಾಕೆ ಅಂತ ಹೇಳಲೇಬೇಕಾಗುತ್ತದೆ.

ಅಂದ ಹಾಗೆ, ವೀಲ್ ನಟ್ಟುಗಳನ್ನು ಗನ್ನಿನಲ್ಲಿ ಒಂದೊಂದು ಒಂದೊಂದು ಥರ ಬಿಗಿದರೂ ಡಿಸ್ಕ್ ಸೊಟ್ಟ ಕೂರಬಹುದು ಅಂತ ಅಪ್ಪನಿಗೆ ಹೇಳಿದ್ದೆ. ಈಗ ಅವರು ಟಾರ್ಕ್ ರೆಂಚ್ ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದಾರೆ. ಪಂಕ್ಚರ್ ಅಂಗಡಿಯ ಹುಡುಗ ಗನ್ ಎತ್ತಿದರೆ ಸಾಕು, ‘ತಡಿ ಮಾರಾಯ’ ಅಂತ ಇಳಿದು ಹೋಗುತ್ತಾರೆ. ಹುಡುಗ ನಗುತ್ತಾನೆ. ಅಮ್ಮ ಇನ್ನೂ ಹಿಡಿ ಬಿಟ್ಟಿಲ್ಲ.