ಕೆಮ್ಮಿಲ್ಲ, ಕಫವಿಲ್ಲ, ಆದರೂ ಟಿಬಿ ಇರಬಹುದು

ಪಟ್ಟದಕಲ್ಲು: ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅನ್ನೋ ಮಾತು ಊರೂರಿನ ಎಲ್ಲರಿಗೂ ಗೊತ್ತೈತಿ. ಒಳ್ಳೇದೇ. ಆದರೆ ಕೆಮ್ಮೇ ಇಲ್ಲದ ಟಿಬಿ ಈ ಪ್ರಶ್ನೆಗೆ ಸಿಕ್ಕಿಬೀಳೋದಿಲ್ಲ. ದೇಶದಲ್ಲಿ ಸುಮಾರು ಐದು ರೋಗಿಗಳಲ್ಲಿ ಒಬ್ಬರಿಗೆ ಟಿಬಿ ಶ್ವಾಸಕೋಶದ ಹೊರಗೆ ಇರುತ್ತದೆ. ಕುತ್ತಿಗೆಯ ಗಂಟು, ಬೆನ್ನೆಲುಬು, ಹೊಟ್ಟೆ, ಮಿದುಳಿನ ಪೊರೆ, ಎಲ್ಲಿ ಬೇಕಾದರೂ.

ನಮ್ಮ ಕಡೆ ತೊಂದರೆ ಏನಂದ್ರ, ಇಳಕಲ್‌ನ ಕುಣಿಮಗ್ಗದಲ್ಲಿ ಕೂತು ನೇಯುವವರಿಗೆ, ಕಲ್ಲು ಹೊರುವವರಿಗೆ ಬೆನ್ನುನೋವು ಹೊಸದಲ್ಲ. ಮುಲಾಮು ಹಚ್ಚಿ, ಅಂಗಡಿ ಗುಳಿಗೆ ನುಂಗಿ ತಿಂಗಳುಗಟ್ಟಲೆ ತಳ್ಳುತ್ತಾರೆ. ಮಲಗಿದರೂ ಬಿಡದ ನೋವು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಅದು ದುಡಿಮೆಯ ನೋವು ಅಂತ ಸುಮ್ಮನಿರಬಾರದು. ಬೆನ್ನೆಲುಬಿನ ಟಿಬಿ ತಡವಾದರೆ ಕಾಲಿನ ಬಲವೇ ಹೋಗಬಹುದು.

ಇಲ್ಲಿ ಕಫ ಪರೀಕ್ಷೆ ಸಾಲದು. ಗಂಟಿಗೆ ಸೂಜಿ ಹಾಕಿ, ಇಲ್ಲವೇ ನೀರು ಅಥವಾ ಸಣ್ಣ ತುಣುಕು ತೆಗೆದು ಸಿಬಿನಾಟ್ ಯಂತ್ರದಲ್ಲಿ ನೋಡಬೇಕು. ತೆಗೆದ ತುಣುಕನ್ನೆಲ್ಲ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಆಗೋದಿಲ್ಲ. ಒಂದು ಪಾಲನ್ನು ಸಲೈನ್‌ನಲ್ಲಿ ಕಳಿಸಬೇಕು. ಆಪರೇಷನ್ನಿಗೆ ಮುಂಚೆಯೇ ಡಾಕ್ಟರ್ ಹತ್ತಿರ ಇದನ್ನು ಕೇಳಿ, ನಾಚಿಕೆ ಬೇಡ. ರೋಗಾಣು ಕಡಿಮೆ ಇರೋದರಿಂದ ಸಿಬಿನಾಟ್ ನೆಗೆಟಿವ್ ಬಂದರೂ ಟಿಬಿ ಇಲ್ಲ ಅಂತಲ್ಲ.

ಗಂಟಿನ ಟಿಬಿಗೆ ಸಾಮಾನ್ಯವಾಗಿ 6 ತಿಂಗಳು ಗುಳಿಗೆ, ಮಿದುಳಿನ ಪೊರೆಗೆ ಕನಿಷ್ಠ 9, ಎಲುಬಿಗೆ 12 ತಿಂಗಳು ಅಥವಾ ಹೆಚ್ಚು. ಗುಳಿಗೆ ಶುರುವಾದ ಮೇಲೂ ಕೆಲವರಿಗೆ ಗಂಟು ದೊಡ್ಡದಾಗುತ್ತದೆ. 'ಔಷಧ ಹತ್ತಲಿಲ್ಲ' ಅಂತ ಅಲ್ಲಿಗೇ ಬಿಡೋರೇ ಜಾಸ್ತಿ ಕಷ್ಟಕ್ಕೆ ಬೀಳೋದು. ಬಿಡದೆ ಡಾಕ್ಟರಿಗೆ ತೋರಿಸಬೇಕು. ಶ್ವಾಸಕೋಶದಲ್ಲಿ ರೋಗ ಇಲ್ಲದಿದ್ದರೆ ಇದು ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡೋದಿಲ್ಲ. ಸೊಸೆಯ ತಾಟು ಬೇರೆ ಇಡೋದು, ತವರಿಗೆ ಕಳಿಸೋದು ಯಾಕ್ರಿ?

ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ. ನಿಕ್ಷಯದಲ್ಲಿ ಹೆಸರು ನೋಂದಾಯಿಸಿದರೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ. 2024ರ ನವೆಂಬರ್‌ಗೂ ಮುಂಚೆ 500 ಇತ್ತು. ಗಂಟಿನ ಟಿಬಿಯವರಿಗೂ ಇದು ಸಿಗುತ್ತದೆ. ಖಾಸಗಿಯಲ್ಲಿ ತೋರಿಸಿದರೂ ನೋಂದಣಿ ಕಡ್ಡಾಯ. ಮೆಡಿಕಲ್ ಅಂಗಡಿಯವರೂ ಟಿಬಿ ಔಷಧ ಮಾರಿದರೆ ರಜಿಸ್ಟರ್‌ನಲ್ಲಿ ಬರೆದು ಆರೋಗ್ಯ ಇಲಾಖೆಗೆ ತಿಳಿಸಬೇಕು ಅನ್ನೋ ಆದೇಶ 2018ರಿಂದಲೇ ಐತಿ. ಉಚಿತ ಸಹಾಯವಾಣಿ: 1800-11-6666.