ಚೋಳರ ಬೆಂಕಿ, ನಮ್ಮ ಗ್ರಾನೈಟು

ಹನ್ನೊಂದನೇ ಶತಮಾನದಲ್ಲಿ ಚೋಳರ ದಂಡು ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳಿಗೆ ಬೆಂಕಿ ಇಟ್ಟಿತು. ಗಂಗರ ಅರಸ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಬಸದಿಯೂ ಸುಟ್ಟುಹೋಯಿತು. ಮುಂದೆ ಲಕ್ಷ್ಮರಸನೆಂಬ ಮಹಾಮಂಡಲೇಶ್ವರ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ. ಗದಗ ತಾಲ್ಲೂಕಿನ ಗಾವರವಾಡದ ಶಾಸನ, 1071-72ರದ್ದು, ಈ ಕಥೆಯನ್ನು ಹೇಳುತ್ತದೆ. ಸುಟ್ಟವನಿಗೆ ಕೆಟ್ಟ ಹೆಸರು ಉಳಿಯಿತು, ಕಟ್ಟಿದವನಿಗೆ ಒಳ್ಳೆಯ ಹೆಸರು. ಈಗ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಹಳ್ಳಿಗಳಲ್ಲಿ ಹಳೇ ಗುಡಿಗಳನ್ನು ಹಾಳು ಮಾಡುವವರಿಗೆ ಆ ಕೆಟ್ಟ ಹೆಸರೂ ಬರುವುದಿಲ್ಲ. ಅವರಿಗೆ ಶಾಲು, ಹಾರ, ಊರ ಅಗಸಿಯಲ್ಲಿ ಫ್ಲೆಕ್ಸು.

ನಡೆಯುವುದು ಹೀಗೆ. ಊರ ದೈವದವರು ಕೂಡುತ್ತಾರೆ, ಪಟ್ಟಿ ಎತ್ತುತ್ತಾರೆ. ಶಾಸಕರ ಅನುದಾನ ಬರುತ್ತದೆ. ಗುತ್ತಿಗೆದಾರ ಬಂದು ಮೊದಲು ನೆಲದ ಕಲ್ಲು ಕೀಳಿಸುತ್ತಾನೆ. ಎಂಟುನೂರು ವರ್ಷ ಬರಿಗಾಲು ಉಜ್ಜಿ ಉಜ್ಜಿ ನುಣುಪಾದ ಆ ಹಾಸುಗಲ್ಲು ಯಾರದೋ ಹಿತ್ತಲ ಬಚ್ಚಲಿಗೆ ಹೋಗುತ್ತದೆ, ಅದರ ಜಾಗಕ್ಕೆ ಕಾಲು ಜಾರುವ ಗ್ರಾನೈಟು. ಆಮೇಲೆ ಕಂಬಗಳ ಸರದಿ. ಕಂಬಕ್ಕೆ ಆಯಿಲ್ ಪೇಂಟು, ಬಾಗಿಲವಾಡಕ್ಕೆ ಬೆಳ್ಳಿ ಬಣ್ಣ, ಕೀರ್ತಿಮುಖದ ನಾಲಗೆಗೆ ಕೆಂಪು. ಹಳೇ ಸುಣ್ಣ ತೆಗೆಯಲು ಗ್ರೈಂಡರು ಇಲ್ಲವೇ ಆ್ಯಸಿಡ್ಡು. ಟ್ಯೂಬ್‌ಲೈಟಿಗೆ, ಕರೆಂಟಿನ ನಗಾರಿಗೆ ಡ್ರಿಲ್ ಹಾಕಿ ತೂತು.

ಬಳಪದ ಕಲ್ಲು ಎಷ್ಟು ಮೆತ್ತಗೆಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮೆತ್ತಗಿರುವುದಕ್ಕೇ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಅದನ್ನು ಆರಿಸಿಕೊಂಡರು. ಕಂಬವನ್ನು ತಿರುಗಣಿಯಲ್ಲಿ ಕಡೆದ ಹಾಗೆ ನುಣ್ಣಗೆ ಮಾಡಿದರು, ಮುತ್ತಿನ ಸರದ ಒಂದೊಂದು ಮುತ್ತನ್ನೂ ಬಿಡಿಸಿದರು. ಸುಮಾರು 1050ರ ಹೊತ್ತಿನ ಅಣ್ಣಿಗೇರಿ ಅಮೃತೇಶ್ವರ ಗುಡಿಯ 76 ಕಂಬಗಳ ನಡುವೆ ನಿಂತರೆ ಆ ಕೈಚಳಕ ಗೊತ್ತಾಗುತ್ತದೆ. ಅಂಥ ಕಲ್ಲಿಗೆ ಗ್ರೈಂಡರು ತಾಗಿದರೆ ಒಂದು ಮಧ್ಯಾಹ್ನದಲ್ಲಿ ಮುತ್ತುಗಳೆಲ್ಲ ಸವೆದು ಬರೇ ಗೆರೆ ಉಳಿಯುತ್ತದೆ. ಪೇಂಟು ಬಳಿದರೆ ಕಲ್ಲಿನೊಳಗಿನ ತೇವ ಹೊರಗೆ ಬರಲು ದಾರಿ ಇರುವುದಿಲ್ಲ. ಒಳಗೇ ಉಪ್ಪು ಕಟ್ಟಿ, ಕಲ್ಲು ಹಪ್ಪಳದಂತೆ ಎದ್ದು ಉದುರುತ್ತದೆ. ಸುತ್ತ ಸಿಮೆಂಟು ಹಾಸಿ ಅಂಗಳ ಎತ್ತರ ಮಾಡಿದರೆ ಮಳೆನೀರು ಗುಡಿಯ ಬುಡಕ್ಕೇ ಬಂದು ನಿಲ್ಲುತ್ತದೆ. ನಮ್ಮ ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹೊಲದಲ್ಲಿ ಬಿರುಕು ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕೆ?

ವೀರಗಲ್ಲುಗಳ ಗತಿ ಇನ್ನೂ ಕೇಡು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಹನುಮಪ್ಪನ ಗುಡಿಯ ಕಟ್ಟಿ ಕಟ್ಟಿಸುವಾಗ ಕಲ್ಲನ್ನು ಅಲ್ಲೇ ನಿಲ್ಲಿಸಿ ಅರ್ಧಕ್ಕೆ ಕಾಂಕ್ರೀಟು ಸುರಿಯುತ್ತಾರೆ. ಆ ವೀರ ತುರು ಬಿಡಿಸಲು ಹೋಗಿ ಸತ್ತನೋ, ಊರು ಕಾಯುತ್ತ ಸತ್ತನೋ ಹೇಳುವ ಪಟ್ಟಿಕೆ ಹೂತುಹೋಗುತ್ತದೆ. ಮೇಲೆ ಉಳಿಯುವುದು ಸ್ವರ್ಗ ಮಾತ್ರ, ಅದಕ್ಕೂ ಹಳದಿ ಬಣ್ಣ.

ಒಂದೂರಲ್ಲಿ ಕಮಿಟಿಯ ಹಿರಿಯರೊಬ್ಬರ ಎದುರು ನಾನು ಸಿಟ್ಟಿಗೆದ್ದೆ. ಅವರು ತಣ್ಣಗೆ ಕೇಳಿದರು: 'ಅಲ್ರೀ ಸರ, ಮಂದಿ ಎಲ್ಲಾ ಮನಿಗೆ ಟೈಲ್ಸ್ ಹಾಕ್ಸ್ಯಾರ. ದೇವ್ರನ್ನ ಕತ್ತಲದಾಗ ಕೂಡ್ಸೂದು ನಮಗ ಶೋಭಾ ತರ್ತದೇನ್ರಿ?' ಆ ಮಾತಿನಲ್ಲಿ ಕಪಟವಿರಲಿಲ್ಲ. ನನ್ನ ಸಿಟ್ಟು ಅವರ ಭಕ್ತಿಯ ಮೇಲಲ್ಲ. ಬಿಲ್ ಪಾಸು ಮಾಡುವ ಎಂಜಿನಿಯರ್ ಮೇಲೆ, ಕಲ್ಲು ಬಲ್ಲವರನ್ನು ಒಂದು ಮಾತೂ ಕೇಳದೆ ಎಸ್ಟಿಮೇಟಿಗೆ ಸಹಿ ಹಾಕುವ ಅಧಿಕಾರಿಯ ಮೇಲೆ, ಭೂಮಿಪೂಜೆಗೆ ಬಂದು ಉದ್ಘಾಟನೆಗೂ ಬರುವ ಮುಖಂಡನ ಮೇಲೆ.

ಕಾನೂನಿದೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧವಾಯಿತು, ಅದರಾಚೆಯ 200 ಮೀಟರಿಗೆ ಅನುಮತಿ ಬೇಕಾಯಿತು. ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ರಾಜ್ಯಕ್ಕೂ 1961ರ ಕಾಯ್ದೆ ಉಂಟು. ಅಣ್ಣಿಗೇರಿಯ ಅಮೃತೇಶ್ವರನಿಗೆ, ಕುಂದಗೋಳದ ಶಂಭುಲಿಂಗನಿಗೆ ಪುರಾತತ್ವ ಇಲಾಖೆಯ ಫಲಕದ ಕಾವಲಿದೆ. ಫಲಕವಿಲ್ಲದ ಗುಡಿ, ಬಸದಿ, ಶಾಸನಗಳಿಗೆ ದಿಕ್ಕಿಲ್ಲ. ಇನ್ನು ಜನರಿಗೆ ಇಲಾಖೆ ಗೊತ್ತಿರುವುದು ಒಂದೇ ರೂಪದಲ್ಲಿ: ಮಾಳಿಗೆ ಸೋರಿದರೂ ದುರಸ್ತಿಗೆ ಪರವಾನಗಿ ತಾ ಎನ್ನುವ ನೋಟಿಸು. ಅದಕ್ಕೇ ಹೊಲದಲ್ಲಿ ಶಾಸನ ಸಿಕ್ಕರೆ ರೈತ ರಾತ್ರೋರಾತ್ರಿ ಮುಚ್ಚುತ್ತಾನೆ. ಹೊಲ ಹೋದೀತೆಂಬ ಅಂಜಿಕೆ ಅವನಿಗೆ. ಆ ಅಂಜಿಕೆ ಬಿತ್ತಿದ ಇಲಾಖೆಯೂ ಈ ಪಾಪದಲ್ಲಿ ಪಾಲುದಾರ.

ಪೂಜೆ ನಡೆಯುವ ಗುಡಿಯಲ್ಲಿ ಹಳೆಯದನ್ನು ಹಾಗೇ ಕಾಪಾಡುವುದು ಸಾಧ್ಯವೇ ಎನ್ನುವವರು ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಕಡೆ ನೋಡಲಿ. ಅಲ್ಲಿಯೂ ಹತ್ತೊಂಬತ್ತನೇ ಶತಮಾನದಲ್ಲಿ ಪಾದ್ರಿಗಳು ಭಕ್ತಿಯಿಂದಲೇ ಹಳೇ ಗಾರೆ ಕೆರೆಸಿದರು, ಕಿಟಕಿ ಬದಲಿಸಿದರು, ಹೊಸದನ್ನು ಹಳೆಯದೆಂದು ನಿಲ್ಲಿಸಿದರು. ಕವಿ ವಿಲಿಯಂ ಮಾರಿಸ್ ಅದಕ್ಕೆ ಕೆರಳಿ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಸಂಘವನ್ನೇ ಕಟ್ಟಿದ. ಈಗ ಅಲ್ಲಿ ಚರ್ಚಿನ ಒಂದು ಹಳೇ ಬೆಂಚು ತೆಗೆಯಲೂ ಚರ್ಚ್ ಆಡಳಿತದ ಲಿಖಿತ ಅನುಮತಿ ಬೇಕು. 1955ರಲ್ಲಿ ಬಂದ ನಿಯಮದಂತೆ ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿ ಬಂದು ಸೂರು, ಗೋಡೆ, ನೀರಿನ ಹಾದಿ ನೋಡಿ ವರದಿ ಬರೆಯಬೇಕು. ಪ್ರಾರ್ಥನೆಯಂತೂ ನಿಂತಿಲ್ಲ.

ನಮ್ಮಲ್ಲಿ ಪಂಪನ ಹೆಸರು ಹೇಳಿ ಎದೆಯುಬ್ಬಿಸುವವರಿಗೆ ಬರವಿಲ್ಲ. ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರೆಂದು ತಿಳಿದದ್ದಾದರೂ ಹೇಗೆ? ಅವನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ಆ ಬಂಡೆಯನ್ನು ಯಾರಾದರೂ ಸಿಡಿಸಿ ಜಲ್ಲಿ ಮಾಡಿದ್ದರೆ ಅಣ್ಣಿಗೇರಿಗೆ ಪಂಪನ ಮೇಲಿನ ಹಕ್ಕೂ ಜಲ್ಲಿಯಾಗುತ್ತಿತ್ತು. ನಮ್ಮೂರ ಬಾವಿಕಟ್ಟೆಯಲ್ಲಿ ಅರಿವೆ ಒಗೆಯುವ ಕಲ್ಲಿನ ಅಡಿಮೈಯಲ್ಲಿ ಯಾರ ವಂಶ ಬರೆದಿದೆಯೋ!

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಗುಡಿ ಕೆಲಸದ ಠರಾವು ಬಂದಾಗ ಕೈ ಎತ್ತುವ ಮುಂಚೆ ಎದ್ದು ಕೇಳಿ. ಎಸ್ಟಿಮೇಟ್ ಪ್ರತಿ ಎಲ್ಲಿ? ಪುರಾತತ್ವ ಇಲಾಖೆಯವರು ಬಂದು ನೋಡಿದರೇ? ಗಚ್ಚಿನ ಕೆಲಸ ಬಲ್ಲವರು ಯಾರು? ಹಳೇ ಕಲ್ಲುಗಳ ಫೋಟೊ, ಲೆಕ್ಕ ಯಾರ ಹತ್ತಿರ ಇದೆ? ಕಿತ್ತ ಕಲ್ಲು ಎಲ್ಲಿಗೆ ಹೋಗುತ್ತದೆ? ಉತ್ತರ ಬರುವವರೆಗೆ ಸಿಮೆಂಟಿನ ಗಾಡಿ ಅಗಸಿಯ ಹೊರಗೇ ನಿಲ್ಲಲಿ.